ಸುಣ್ಣದ ಗೋಡೆಯ ಬೆಳಕು

ಮಾರ್ಚ್ 9

ಮಗಳೇ,

ನೀನು ಫೋನ್ ಮಾಡುತ್ತಲೇ ಇದ್ದೀಯ ಎಂದು ಗೊತ್ತು. ಎಡಗಿವಿ ಮೊದಲೇ ಕೇಳಿಸದು, ಬಲಗಿವಿಗೆ ಫೋನಿನ ಮಾತು ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ.

ಅವತ್ತು ಠಾಣೆಯಿಂದ ನೇರವಾಗಿ ಬಸ್ಸು ಹತ್ತಿ ಹೋದೆಯಲ್ಲ, ಅದಕ್ಕೆ ನನಗೆ ಬೇಸರವಿಲ್ಲ. ಮನೆಗೆ ಬಂದಿದ್ದರೆ ಇಬ್ಬರೂ ಏನು ಮಾತಾಡುತ್ತಿದ್ದೆವು?

ಮರಿಯನ್ನು ನೋಡಲು ಜೈಲಿಗೆ ಹೋಗಿದ್ದೆ. ಮೂವತ್ತು ದಾಟಿದ ತಮ್ಮನನ್ನು ಇನ್ನೂ ಮರಿ ಎನ್ನುತ್ತೇನೆಂದು ನೀನು ಹಂಗಿಸುತ್ತಿದ್ದೆ. ಅಲ್ಲಿ ಕಂಬಿಯ ಹಿಂದೆ ನಿಂತವನನ್ನು ಬೇರೆ ಏನೆಂದು ಕರೆಯಲಿ? ಬಲಗೈ ಗೆಣ್ಣುಗಳಿಗೆ ಪಟ್ಟಿ ಸುತ್ತಿದ್ದಾರೆ. "ಟೈರ್ ಅಂಗಡಿಯವನೇ ಮೊದಲು ಸರಳು ಎತ್ತಿದ್ದು ಅಮ್ಮಾ. ನಾನು ಕಿತ್ಕೊಂಡೆ ಅಷ್ಟೇ" ಅಂದ. ವಕೀಲರು ಹೇಳುವ ಪ್ರಕಾರ ಆ ಜಾಗದಲ್ಲಿ ಇದ್ದವರು ಮೂವರು. ಟೈರ್ ಅಂಗಡಿಯವನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ನೀನು ಲೆನ್ಸ್ ಬದಲಾಯಿಸುತ್ತಾ ಬೆನ್ನು ತಿರುಗಿಸಿದ್ದೆ, ಏನೂ ಕಾಣಲಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಬರೆದುಕೊಟ್ಟಿದ್ದೀಯ. ಅದೇ ಮಾತಿಗೆ ಅಂಟಿಕೊಂಡಿರು. ಜಾಮೀನು ಸಿಗುತ್ತದೆ ಎನ್ನುತ್ತಾರೆ.

ಇನ್ನೊಂದು ವಿಷಯ. ಜಗಳಕ್ಕೆ ಮೊದಲು ಅವನ ಫೋಟೋ ತೆಗೆಯುತ್ತಿದ್ದೆಯಲ್ಲ, ಒಂದನ್ನು ಕಳಿಸು. ಹಠ ಹಿಡಿದು ಅವನನ್ನು ನಿನ್ನ ಜೊತೆ ಕಳಿಸಿದವಳು ನಾನೇ. ಊರವರ ಮಕ್ಕಳ ಫೋಟೋ ತೆಗೆದು ಹೊಟ್ಟೆ ಹೊರೆಯುವ ಅಕ್ಕ ಇದ್ದೂ ನಮ್ಮ ಗೋಡೆ ಬೋಳಾಗಿದೆಯಲ್ಲ ಎಂದು. ಇಲ್ಲದಿದ್ದರೆ ಅವನು ಆ ಹೊತ್ತಿಗೆ ಹಾಸಿಗೆಯಲ್ಲಿ ಬಿದ್ದುಕೊಂಡಿರುತ್ತಿದ್ದ.

ನಿನ್ನ ಅಮ್ಮ


ಮಾರ್ಚ್ 17

ಅಮ್ಮಾ,

ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಲೆನ್ಸ್ ಬದಲಾಯಿಸುತ್ತಿರಲಿಲ್ಲ.

ಅವನು ಕೆಲಸ ಮಾಡುವ ಗೋದಾಮಿನ ಹಿಂದೆ ಸುಣ್ಣ ಬಳಿದ ಉದ್ದನೆಯ ಗೋಡೆ ಇದೆಯಲ್ಲ, ನಾನು ಅದಕ್ಕೆ ಬೆನ್ನು ಕೊಟ್ಟು ನಿಂತು, ಅವನನ್ನು ಅದಕ್ಕೆ ಮುಖ ಮಾಡಿ ನಿಲ್ಲಿಸಿದ್ದೆ. ಇಳಿಬಿಸಿಲು ಗೋಡೆಗೆ ಬಡಿದು ಅವನ ಮುಖದ ಮೇಲೆ ಮೆತ್ತಗೆ ಬೀಳುತ್ತಿತ್ತು. ಅಂಥ ಬೆಳಕಿನಲ್ಲಿ ಕಣ್ಣು ಕಿರಿದಾಗುವುದಿಲ್ಲ, ಮೂಗಿನ ಕೆಳಗೆ ಕರಿನೆರಳು ಬೀಳುವುದಿಲ್ಲ. ಅವನಂಥ ಕಲ್ಲುಮುಖದವನೂ ಚೆಂದ ಕಾಣುತ್ತಾನೆ. "ಕೈ ಎಲ್ಲಿಡ್ಲಿ ಅಕ್ಕಾ?" ಎಂದು ನಾಲ್ಕೈದು ಸಲ ಕೇಳಿದ. "ಜೇಬಲ್ಲಿಡು" ಅಂದೆ. ಜೇಬಲ್ಲಿಟ್ಟ. ನಾಚಿಕೊಂಡ ಅಮ್ಮಾ, ನಿಜವಾಗಿ ನಾಚಿಕೊಂಡ.

ಅವನ ಬೆನ್ನ ಹಿಂದೆ ಟೈರ್ ಅಂಗಡಿ. ಅಂಗಡಿಯವನು ಬಟ್ಟೆಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಕೈಯಲ್ಲಿ ಆ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಟೈರ್ ಬಿಚ್ಚುವ ಸರಳು ಬಾಗಿಲಿಗೆ ಒರಗಿತ್ತು. "ಎಷ್ಟು ತೆಗೆದ್ರೂ ಅಷ್ಟೇ ಕಣಮ್ಮಾ, ಮೂತಿ ಅದೇ ತಾನೇ!" ಅಂದ.

ನಾನು ನಕ್ಕೆ. ಇದನ್ನು ನಿನಗೆ ಹೇಳಲೇಬೇಕು. ನಾನು ನಕ್ಕೆ, ಮರಿ ನನ್ನ ನಗುವನ್ನು ನೋಡಿದ, ಆಮೇಲೆ ತಿರುಗಿ ಹೋಗಿ ಸರಳು ಎತ್ತಿಕೊಂಡ.

ಮೊದಲನೆಯ ಏಟು ಅಂಗಡಿಯವನ ಕಿವಿಯ ಮೇಲೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು. ಅವನು ಮೊಣಕಾಲೂರಿದ. ಎರಡನೆಯದು ದವಡೆಗೆ. ಬಟ್ಟೆಚೂರು ಹಿಡಿದ ಕೈಯನ್ನು ಮುಖಕ್ಕೆ ಅಡ್ಡ ತಂದ. ಕೈ ಮುರಿಯಿತು, ಮುರಿದ ಮೇಲೂ ಅಡ್ಡ ಹಿಡಿದೇ ಇದ್ದ. ಮರಿ ಸರಳನ್ನು ತಿರುಗಿಸಿ ಚೂಪಾದ ತುದಿ ಕೆಳಗೆ ಬರುವ ಹಾಗೆ ಹಿಡಿದುಕೊಂಡ. ಸಿಟ್ಟಿನಲ್ಲಿ ಕಣ್ಣು ಕಾಣದವನು ಹಾಗೆ ತಿರುಗಿಸಿ ಹಿಡಿಯುತ್ತಾನೆಯೇ? ಅಂಗಡಿಯವನ ಕಣ್ಣು ಹೋದದ್ದು ಆಗ.

ನಾನು ಕೂಗಲಿಲ್ಲ. ಓಡಿಹೋಗಿ ಅವನ ಅಂಗಿ ಹಿಡಿದು ಎಳೆಯಲಿಲ್ಲ. ನನ್ನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು, ಅದು ಒತ್ತುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಮರಿ ತೋಳಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, "ಸಾಕಾ ಅಕ್ಕಾ?" ಅಂದ.

ಎಲ್ಲವೂ ನನ್ನ ಹತ್ತಿರ ಇದೆ. ಯಾರಿಗೂ ತೋರಿಸಿಲ್ಲ. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ಒಂದರಲ್ಲೂ ಮುಖ ಮಸುಕಾಗಿಲ್ಲ. ನೀನು ಕೇಳಿದ ಫೋಟೋ ಅದೇ ಸಾಲಿನ ಮೊದಲಿನದು. ಅದೊಂದನ್ನೇ ಬೇರೆ ಮಾಡಿ ಕಳಿಸಲು ನನ್ನಿಂದ ಆಗುತ್ತಿಲ್ಲ.

ನಿನ್ನ ಮಗಳು


ಮಾರ್ಚ್ 22

ಸುಟ್ಟು ಹಾಕು.

ಸುಡುವುದೋ ಅಳಿಸುವುದೋ, ನಿಮ್ಮ ಕಸುಬಿನಲ್ಲಿ ಏನೆನ್ನುತ್ತೀರೋ ಅದನ್ನು ಮಾಡು. ಮಾಡಿ ನನಗೆ ಒಂದು ಸಾಲು ಬರೆ. ನಿನ್ನ ಪತ್ರವನ್ನು ನಾನು ಒಲೆಗೆ ಹಾಕಿದ್ದೇನೆ.

ಟೈರ್ ಅಂಗಡಿಯವನಿಗೆ ಪ್ರಜ್ಞೆ ಬಂದಿದೆ. ಒಂದು ಕಣ್ಣು ಇಲ್ಲ, ದವಡೆಗೆ ತಂತಿ ಬಿಗಿದಿದ್ದಾರೆ. ಆ ಸಂಜೆಯದು ಏನೂ ನೆನಪಿಲ್ಲವಂತೆ. ದೇವರೇ ಅವನಿಗೆ ಮರೆಸಿದ್ದಾನೆ, ನೀನೇಕೆ ನೆನಪು ಕೂಡಿಟ್ಟುಕೊಂಡು ಕೂತಿದ್ದೀಯ? ಮರಿ ಒಳಗೆ ಕೊಳೆತರೆ ಅವನ ಕಣ್ಣು ಮತ್ತೆ ಮೂಡುತ್ತದೆಯೇ? ಅವನ ಹೆಂಡತಿಯನ್ನು ಮಾರುಕಟ್ಟೆಯಲ್ಲಿ ಕಂಡೆ. ನಾನು ಬೇರೆ ದಾರಿ ಹಿಡಿದೆ. ಅಷ್ಟು ಶಿಕ್ಷೆ ನನಗೆ ಆಗಿದೆ, ಸಾಲದೇ?

ಅವನಿಗೆ ಬಾಯಿಗಿಂತ ಕೈ ಮುಂದು ಎಂದು ನನಗೆ ಗೊತ್ತಿಲ್ಲವೇ? ನಿಮ್ಮಪ್ಪನ ಕೈಯೂ ಮುಂದೇ. ನಾನು ಯಾವ ಠಾಣೆಗೆ ಹೋದೆ? ಮನೆಯ ಬೆಂಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನಿಮ್ಮಿಬ್ಬರನ್ನೂ ದೊಡ್ಡವರನ್ನಾಗಿ ಮಾಡಿದೆ. ನೀನು ಕ್ಯಾಮೆರಾ ಕಲಿತದ್ದು ಯಾರ ದುಡಿಮೆಯಲ್ಲಿ? ದರ್ಜಿ ಅಂಗಡಿಯವರ ಅಂಗಿಗಳಿಗೆ ಕಾಜಾ ಹೊಲಿದು ಹೊಲಿದು ನನ್ನ ಬೆರಳು ಜರಡಿಯಾಯಿತು. ಅದೇ ಕ್ಯಾಮೆರಾ ಈಗ ನನ್ನ ಹೊಟ್ಟೆಗೇ ತಿರುಗಬೇಕೇ?

ನೀನು ನಕ್ಕದ್ದನ್ನು ಯಾರಿಗೂ ಹೇಳಬೇಡ.

ಅಮ್ಮ


ಏಪ್ರಿಲ್ 10

ಅಮ್ಮಾ,

ಅಳಿಸಿಲ್ಲ. ತೋರಿಸಿಯೂ ಇಲ್ಲ. ಇನ್‌ಸ್ಪೆಕ್ಟರು ಇನ್ನೊಮ್ಮೆ ಕರೆದು ಕೇಳಿದರು. ಮೊದಲು ಹೇಳಿದ್ದನ್ನೇ ಹೇಳಿದೆ. ನಿನಗೆ ಬೇಕಿದ್ದದ್ದು ಅದೇ ತಾನೇ? ನಾಳೆಯೋ ನಾಡಿದ್ದೋ ಅವನು ಹೊರಗೆ ಬರುತ್ತಾನೆ.

ಭಾನುವಾರ ಉದ್ಯಾನದಲ್ಲಿ ಒಂದು ಸಂಸಾರದ ಫೋಟೋ ತೆಗೆಯಬೇಕಿತ್ತು. "ಮಗುವಿನ ಹೆಗಲ ಮೇಲೆ ಕೈ ಇಡಿ" ಎಂದು ತಂದೆಗೆ ನಾನೇ ಹೇಳಿದೆ. ಆತ ಇಟ್ಟ. ಒಳ್ಳೆಯ ಮನುಷ್ಯನೇ ಇರಬೇಕು, ಮಗು ಆರಾಮಾಗಿ ಒರಗಿಕೊಂಡಿತು. ನನಗೆ ಮಾತ್ರ ಆ ಕೈಯ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ತಲೆನೋವೆಂದು ಹೇಳಿ ವಾಪಸು ಕಳಿಸಿಬಿಟ್ಟೆ.

ಒಂದು ಕೇಳುತ್ತೇನೆ, ನೇರವಾಗಿ ಉತ್ತರಿಸು. ನಿನ್ನ ಎಡಗಿವಿ ಯಾವಾಗ ಹೋಯಿತು? ಅಪ್ಪ ತೀರಿಕೊಂಡಾಗ ನಿನಗೆ ಎರಡೂ ಕೇಳಿಸುತ್ತಿತ್ತು.

ನಿನ್ನ ಮಗಳು


ಮೇ 2

ಅಕ್ಕಾ,

ನಾನು ಬರೆದ ಪತ್ರ ನೋಡಿ ಬೆಚ್ಚಬೇಡ. ನೀನು ಅಮ್ಮನಿಗೆ ಬರೆಯುವುದೆಲ್ಲ ಈಗ ನನ್ನ ಕೈಗೇ ಬರುತ್ತದೆ, ನಾನೇ ಓದಿ ಹೇಳುತ್ತೇನೆ. ಕಿವಿಯ ಬಗ್ಗೆ ಕೇಳಿದ್ದೀಯ. ವಯಸ್ಸಾಯಿತು, ಕಿವಿ ಹೋಯಿತು. ಅದರಲ್ಲಿ ಬರೆಯುವಂಥದ್ದೇನಿದೆ?

ಹೊರಗೆ ಬಂದು ಮೂರು ವಾರ ಆಯಿತು. ಗೋದಾಮಿನವರು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಲೋಡು ಎತ್ತುವ ಗಾಡಿಯನ್ನು ನನ್ನ ಹಾಗೆ ಓಡಿಸುವವನು ಇನ್ನೊಬ್ಬನಿಲ್ಲ, ಕಾಲಿಗೆ ಬಿದ್ದು ಕರೆಯುತ್ತಾರೆ ನೋಡುತ್ತಿರು. ಅಲ್ಲಿಯತನಕ ಮನೆಯಲ್ಲಿದ್ದೇನೆ. ಅಮ್ಮ ತುಂಬ ನಿಧಾನವಾಗಿದ್ದಾಳೆ. ಹಿಡಿದದ್ದನ್ನೆಲ್ಲ ಬೀಳಿಸುತ್ತಾಳೆ. ಒಂದು ಮಾತನ್ನು ಮೂರು ಸಲ ಕೂಗಬೇಕು. ನನಗೂ ತಾಳ್ಮೆಗೆ ಒಂದು ಮಿತಿ ಇದೆ.

ನಿನ್ನ ಹತ್ತಿರ ನನ್ನ ಫೋಟೋ ಇವೆಯಂತೆ. ಅಮ್ಮ ಜೈಲಿಗೆ ಬಂದಾಗಲೇ ಹೇಳಿದಳು. ಇಟ್ಟುಕೋ. ತಮ್ಮನ ಫೋಟೋ ಅಕ್ಕ ಇಟ್ಟುಕೊಂಡರೆ ತಪ್ಪೇನು? ಆದರೆ ಫೋಟೋ ನಿನ್ನ ಹತ್ತಿರ ಇದ್ದರೆ ಅಮ್ಮ ನನ್ನ ಹತ್ತಿರ ಇದ್ದಾಳೆ. ಅಷ್ಟು ನೆನಪಿರಲಿ.

ನಿನ್ನ ತಮ್ಮ


ಜೂನ್ 14

ಮಗಳೇ,

ನಾನು ಆಸ್ಪತ್ರೆಯಲ್ಲಿದ್ದೇನೆ, ಗಾಬರಿಯಾಗಬೇಡ. ಮೆಟ್ಟಿಲಿಂದ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿದಿದೆ, ಅದಕ್ಕೇ ಪಕ್ಕದ ಮನೆಯ ನರ್ಸಮ್ಮನ ಕೈಲಿ ಬರೆಸುತ್ತಿದ್ದೇನೆ. ಇವಳು ಕೆಲಸ ಮಾಡುವುದೂ ಇದೇ ವಾರ್ಡಿನಲ್ಲಿ. ಬೇರೇನೂ ಇಲ್ಲ. ಪಕ್ಕೆಲುಬಿನಲ್ಲಿ ಸ್ವಲ್ಪ ನೋವು. ಮರಿ ದಿನವೂ ಬಂದು ನೋಡಿಕೊಂಡು ಹೋಗುತ್ತಾನೆ. ನೀನು ಕೆಲಸ ಬಿಟ್ಟು ಬರಬೇಡ.

ಅಮ್ಮ

ಮೇಲಿನದು ನಿಮ್ಮ ತಾಯಿ ಹೇಳಿ ಬರೆಸಿದ್ದು. ಇಲ್ಲಿಂದ ನನ್ನ ಮಾತು. ಮೆಟ್ಟಿಲಿಂದ ಬಿದ್ದವರ ಕುತ್ತಿಗೆಯ ಮೇಲೆ ಬೆರಳಿನ ಗುರುತು ಇರುವುದಿಲ್ಲ. ಅವನು ದಿನವೂ ಬರುತ್ತಾನೆ ನಿಜ. ಬಂದಾಗ ಇವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಳ್ಳುತ್ತಾರೆ. ಈ ವಾರ ಬಿಟ್ಟರೆ ಗುರುತು ಮಾಸಿಹೋಗುತ್ತದೆ. ನೀವು ಬನ್ನಿ. ಕ್ಯಾಮೆರಾ ತನ್ನಿ.

ಪಕ್ಕದ ಮನೆಯ ನರ್ಸ್


ಜುಲೈ 1

ಮರಿ,

ಜೈಲಿನವರು ಈ ಪತ್ರವನ್ನು ಒಡೆದು ಓದಿಯೇ ನಿನಗೆ ಕೊಡುತ್ತಾರೆ. ಓದಲಿ.

ಪೊಲೀಸರು ನಿನ್ನನ್ನು ಮನೆಯ ಬಾಗಿಲಲ್ಲಿ ಹಿಡಿದುಕೊಂಡು ಹೋದಾಗ, ಯಾರು ಏನು ಕೊಟ್ಟರು ಎಂದು ನೀನು ಕೂಗುತ್ತಿದ್ದೆಯಂತೆ. ಕೊಟ್ಟವಳು ನಾನು. ಗೋಡೆಯ ಹತ್ತಿರ ತೆಗೆದವನ್ನೆಲ್ಲ ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟೆ. ಮೊದಲು ಹೇಳಿದ್ದು ಸುಳ್ಳು ಎಂದು ಸಹಿ ಮಾಡಿದೆ. ಅದಕ್ಕೆ ನನ್ನ ಮೇಲೂ ಕೇಸಿದೆ, ಆಗಲಿ. ಅಮ್ಮನ ಫೋಟೋಗಳನ್ನೂ ಕೊಟ್ಟೆ. ಅದು ಹೇಗಾಯಿತು ಎಂದು ನೀನು ಬೇರೆಯವರ ಬಾಯಲ್ಲಿ ಕೇಳಬಾರದು, ಅದಕ್ಕೇ ಈ ಪತ್ರ.

ನಾನು ವಾರ್ಡಿಗೆ ಹೋದಾಗ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕ್ಯಾಮೆರಾ ಚೀಲ ನೋಡಿ, "ಅದನ್ನ ತಗೊಂಡು ಹೊರಗೆ ಹೋಗು" ಅಂದಳು. ನಾನು ಮಂಚದ ಪಕ್ಕ ಕೂತೆ. ಮಧ್ಯಾಹ್ನದ ಸೂಪು ಬಂತು. ಎಡಗೈಯಲ್ಲಿ ಚಮಚ ಹಿಡಿದು ಎರಡು ಗುಟುಕು ಕುಡಿದಳು, ಮೂರನೆಯದು ಎದೆಯ ಮೇಲೆ ಚೆಲ್ಲಿತು. ಚೆಲ್ಲಿದ್ದೇ ತಡ, ತಲೆಯನ್ನು ಎರಡು ಹೆಗಲ ನಡುವೆ ಹುದುಗಿಸಿಕೊಂಡು ಕಣ್ಣು ಮುಚ್ಚಿದಳು. ಹತ್ತಿರ ಇದ್ದವಳು ನಾನೊಬ್ಬಳೇ ಮರಿ. ನನ್ನ ಏಟಿಗೆ ಕಾಯುತ್ತಿದ್ದಳು.

ಆಮೇಲೆ ತಾನಾಗಿಯೇ ಮಾತಾಡಿದಳು. "ಅವನು ಹೊಡೆದದ್ದು ಹೊಸದೇನಲ್ಲ. ಕುತ್ತಿಗೆ ಹಿಡಿದು ಬಾಗಿಲಿಗೆ ಬಡಿದ, ಕೈ ತಿರುಚಿದ. ಮುರಿದ ಸದ್ದು ಈ ಕಿವುಡಿಗೂ ಕೇಳಿಸ್ತು. ಆಮೇಲೆ ಹೋಗಿ ಊಟಕ್ಕೆ ಕೂತ. ಬಡಿಸು ಅಂದ. ಮುರಿದ ಕೈಯಲ್ಲೇ ಬಡಿಸಿದೆ ಕಣೇ. ತಿಂದ. ಉಪ್ಪು ಕಮ್ಮಿ ಅಂದ."

ಕ್ಯಾಮೆರಾ ಚೀಲದ ಕಡೆ ನೋಡಿ, "ಇಲ್ಲೇ ತೆಗೀತೀಯಾ?" ಅಂದಳು.

"ಇಲ್ಲಿ ಟ್ಯೂಬ್‌ಲೈಟು ಅಮ್ಮಾ. ಈ ಬೆಳಕಲ್ಲಿ ಎಲ್ಲರೂ ಹಸಿರು ಹಸಿರಾಗಿ ಕಾಣ್ತಾರೆ, ಯಾವುದು ಪೆಟ್ಟು ಯಾವುದು ನೆರಳು ಗೊತ್ತಾಗಲ್ಲ. ಫ್ಲ್ಯಾಶ್ ಹಾಕಿದ್ರೆ ಎಲ್ಲ ಬಿಳಿಚಿಕೊಳ್ಳತ್ತೆ. ಹೊರಗೆ ಹೋಗೋಣ."

ನರ್ಸಮ್ಮ ಗಾಲಿಕುರ್ಚಿ ತಂದರು. ಹಿಂದಿನ ಅಂಗಳದಲ್ಲಿ ಒಗೆದ ಹೊದಿಕೆಗಳನ್ನು ಸಾಲಾಗಿ ಒಣಹಾಕಿದ್ದರು. ಅವುಗಳ ನಡುವೆ ಕುರ್ಚಿ ನಿಲ್ಲಿಸಿದೆ. ಬಿಳಿ ಬಟ್ಟೆಯಿಂದ ಸೋಸಿ ಬಂದ ಬೆಳಕು ಎಲ್ಲ ಕಡೆಯಿಂದಲೂ ಅವಳ ಮೇಲೆ ಬಿತ್ತು. ನಾನು ಕ್ಯಾಮೆರಾ ಎತ್ತಿದಾಗ, "ತಾಳು, ಕೂದಲು ಬಾಚು" ಅಂದಳು. ಬಾಚಿದೆ. ಕಿವಿಯ ಹಿಂದೆ ಒಂದು ಗಾಯ ಕಂಡಿತು, ನಿನ್ನ ಉಂಗುರದ ಅಗಲದ್ದು. ಕುಪ್ಪಸದ ಕತ್ತನ್ನು ತಾನೇ ಎಡಗೈಯಲ್ಲಿ ಇಳಿಸಿ ಹಿಡಿದುಕೊಂಡಳು. ಕುತ್ತಿಗೆಯ ಮೇಲೆ ನಿನ್ನ ಐದೂ ಬೆರಳು, ನಾಲ್ಕು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ನೇರಳೆ, ಅಂಚಿನಲ್ಲಿ ಹಳದಿ.

ಕ್ಯಾಮೆರಾದ ಕಡೆ ನೋಡಿ, "ನಗಬೇಕಾ?" ಎಂದು ಕೇಳಿದಳು.

ಜೀವಮಾನದಲ್ಲಿ ಯಾರೂ ಅವಳ ಫೋಟೋ ತೆಗೆದಿರಲಿಲ್ಲ ಮರಿ. ಫೋಟೋ ಎಂದರೆ ನಗಬೇಕು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಬೇಡಮ್ಮ" ಅಂದೆ. ಈ ಸಲವೂ ಒಂದು ಫೋಟೋವೂ ಮಸುಕಾಗಲಿಲ್ಲ. ತೆಗೆದು ಮುಗಿದ ಮೇಲೆ ಅವಳ ಕುಪ್ಪಸದ ಕತ್ತನ್ನು ನಾನೇ ಮೇಲಕ್ಕೆ ಎಳೆದು ಸರಿಮಾಡಿದೆ.

ಏಪ್ರಿಲ್‌ನಲ್ಲೇ ನಾನು ಬಾಯಿ ಬಿಟ್ಟಿದ್ದರೆ ನೀನು ಹೊರಗೆ ಬರುತ್ತಿರಲಿಲ್ಲ, ಅವಳ ಕೈ ನೆಟ್ಟಗಿರುತ್ತಿತ್ತು. ಅದು ನನ್ನ ಪಾಲಿನ ಲೆಕ್ಕ, ಅದನ್ನು ನಿನ್ನ ಮೇಲೆ ಹೊರಿಸುವುದಿಲ್ಲ.

ಅಕ್ಕ


ಜುಲೈ 23

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.

ಒಳ್ಳೆಯ ಫೋಟೋ ತೆಗೆಯುತ್ತೀಯ. ವಕೀಲರು ತೋರಿಸಿದರು. ನನ್ನ ಮುಖ ಅಷ್ಟು ಸ್ಪಷ್ಟವಾಗಿ ನಾನೇ ಯಾವತ್ತೂ ನೋಡಿರಲಿಲ್ಲ. ಅಪ್ಪನ ಹಾಗಿದ್ದೇನೆ.

ಅಪ್ಪ ನನ್ನನ್ನು ಹಿತ್ತಲಿನ ಕಂಬಕ್ಕೆ ಕಟ್ಟಿ ಬೆಲ್ಟಿನಲ್ಲಿ ಬಾರಿಸುತ್ತಿದ್ದಾಗ ನೀನು ಎಲ್ಲಿದ್ದೆ? ನನಗೆ ಗೊತ್ತು. ಅಡುಗೆಮನೆಯ ಕಿಟಕಿಯಲ್ಲಿದ್ದೆ. ನಾನು ಅಕ್ಕಾ ಅಕ್ಕಾ ಎಂದು ಕಿರುಚುತ್ತಿದ್ದೆ. ನೀನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಆಗ ನಿನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ ಅಷ್ಟೇ. ಇದ್ದಿದ್ದರೆ ನನ್ನ ಬೆನ್ನಿಗೂ ಯಾರಾದರೂ ಸಾಕ್ಷಿ ಹೇಳುತ್ತಿದ್ದರೋ ಏನೋ.

ಟೈರಿನವನು ಅಂದ ಮಾತಿಗೆ ನಾನು ಸರಳು ಎತ್ತಲಿಲ್ಲ. ಅಂಥದ್ದು ದಿನಕ್ಕೆ ಹತ್ತು ಕೇಳುತ್ತೇನೆ. ನೀನು ನಕ್ಕೆಯಲ್ಲ, ಅದಕ್ಕೆ ಎತ್ತಿದೆ. ನಿನ್ನನ್ನು ಹೊಡೆಯಲಾಗಲಿಲ್ಲ, ಅವನು ಹತ್ತಿರ ಇದ್ದ. ಇದನ್ನು ನ್ಯಾಯಾಧೀಶರಿಗೂ ಹೇಳಿಕೋ.

ನಾನು ಯಾವತ್ತೋ ಒಂದು ದಿನ ಹೊರಗೆ ಬರುತ್ತೇನೆ.


ನವೆಂಬರ್ 18

ಮಗಳೇ,

ಬಲಗೈ ಇನ್ನೂ ಪೂರ್ತಿ ಮಡಚುವುದಿಲ್ಲ, ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ನಾನೇ ಬರೆಯುತ್ತಿದ್ದೇನೆ. ನಿನ್ನ ಸಾಕ್ಷಿ ಮುಗಿದ ದಿನವೇ ನೀನು ಹೊರಟುಬಿಟ್ಟೆ. ಒಳ್ಳೆಯದೇ ಆಯಿತು. ನನ್ನ ಸರದಿ ಬಂದಾಗ ನೀನು ಎದುರಿಗೆ ಕೂತಿದ್ದರೆ ನನಗೆ ಬಾಯಿ ಬರುತ್ತಿರಲಿಲ್ಲ.

ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕಾಯಬೇಕಿತ್ತು. ಬೆಂಚಿನ ತುದಿಯಲ್ಲಿ ಟೈರ್ ಅಂಗಡಿಯವನು ಕೂತಿದ್ದ. ನಾನು ನಿಂತೇ ಇದ್ದೆ. ಅವನು ಒಂದೇ ಕಣ್ಣಲ್ಲಿ ನನ್ನನ್ನು ನೋಡಿ, ಸರಿದು ಜಾಗ ಮಾಡಿದ. ಏನೋ ಅಂದ. ದವಡೆ ಸರಿಯಿಲ್ಲ, ನನಗೆ ಕಿವಿ ಸರಿಯಿಲ್ಲ. ಏನು ಎಂದು ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಕೂತೆ.

ಮರಿಯ ವಕೀಲ ನನ್ನನ್ನು ಕೇಳಿದ, "ಮೆಟ್ಟಿಲಿಂದ ಬಿದ್ದೆ ಅಂತ ಆಸ್ಪತ್ರೆಯಲ್ಲಿ ನೀವೇ ಹೇಳಿದ್ರಿ ಅಲ್ವಾ?"

"ಹೇಳಿದೆ."

"ಹಾಗಾದ್ರೆ ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

"ಅವತ್ತಿನದು. ಗಂಡನ ಕಾಲದಿಂದಲೂ ಅದೇ ಸುಳ್ಳು ಸ್ವಾಮೀ, ಬಾಯಿಪಾಠ ಆಗಿತ್ತು. ಬೇಕಾದ್ರೆ ಮನೆಗೆ ಬಂದು ನೋಡಿ. ಇರೋದೇ ಎರಡು ಮೆಟ್ಟಿಲು."

ಹಿಂದಿನಿಂದ ಯಾರೋ ನಕ್ಕರು. ನ್ಯಾಯಾಧೀಶರು ಗದರಿದರು. ಆಮೇಲೆ ನನ್ನ ಫೋಟೋ ಎತ್ತಿ ತೋರಿಸಿದರು, ಇದು ನೀವೇನಾ ಎಂದು. ಅಷ್ಟು ಜನರ ಮುಂದೆ ನನ್ನ ಕುತ್ತಿಗೆ. ಹೌದು ಅಂದೆ. ಮರಿಯ ಕಡೆ ನೋಡಬಾರದು ಎಂದುಕೊಂಡಿದ್ದೆ, ನೋಡಿಬಿಟ್ಟೆ. ಅವನು ಫೋಟೋ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ, ಚಿಕ್ಕಂದಿನಲ್ಲಿ ಕಂಬಕ್ಕೆ ಕಟ್ಟಿದಾಗ ನೋಡುತ್ತಿದ್ದ ಹಾಗೆ. ನೀನು ಕಿಟಕಿಯಲ್ಲಿ ನಿಂತಿದ್ದೆ ಎಂದು ಅವನು ನಿನಗೆ ಬರೆದನಂತಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ ಮಗಳೇ. ಬಾಗಿಲು ಕಿಟಕಿಗಿಂತ ಹತ್ತಿರ.

ಒಂಬತ್ತು ವರ್ಷ ಕೊಟ್ಟರು. ಕರೆದುಕೊಂಡು ಹೋಗುವಾಗ ಅವನು ಏನೂ ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಬಂದು ಒಂದು ತಟ್ಟೆ ಬೀಳಿಸಿದೆ. ಚೂರು ಚೂರಾಯಿತು. ಸುಮ್ಮನೆ ನೋಡುತ್ತಾ ನಿಂತೆ. ಯಾರೂ ಬರಲಿಲ್ಲ. ಕೂತು ಅತ್ತೆ, ಯಾರಿಗೋಸ್ಕರ ಎಂದು ಕೇಳಬೇಡ.

ನೀನು ಬರುತ್ತೇನೆ ಎಂದು ನರ್ಸಮ್ಮನ ಹತ್ತಿರ ಹೇಳಿ ಕಳಿಸಿದ್ದೀಯ. ಬರಬೇಡ. ನೀನು ಮಾಡಿದ್ದು ಸರಿ. ನಾನೂ ಎಲ್ಲರ ಮುಂದೆ ನಿಂತು ಅದನ್ನೇ ಹೇಳಿ ಬಂದಿದ್ದೇನೆ. ಆದರೆ ಸರಿ ಮಾಡಿದವಳ ಮುಖ ನೋಡುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ಅವನನ್ನೂ ಹೆತ್ತಿದ್ದೇನೆ. ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತೇನೆ, ಅವನು ನನ್ನನ್ನು ನೋಡಲು ಒಪ್ಪಲಿ ಬಿಡಲಿ. ಅದನ್ನು ಬೇಡ ಎಂದು ನೀನು ಹೇಳಕೂಡದು.

ಪತ್ರ ಮಾತ್ರ ಬರೆ. ಉತ್ತರ ಬರದಿದ್ದರೂ ಬರೆ. ಈಗ ನಿನ್ನ ಪತ್ರ ನನ್ನ ಕೈಗೇ ಬರುತ್ತದೆ, ಒಡೆದು ಓದುವವಳೂ ನಾನೇ.

ಅಮ್ಮ